ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಅವರೆಕಾಳಿನ ಸಾರು ಉಣ್ಣಬಹುದೇ?

ಪ್ರಶ್ನೆ: ಮಗಳ ಹಲ್ಲಿಗೆ ಕಳೆದ ವಾರ ಕ್ಲಿಪ್ ಹಾಕಿಸಿದೆವು. ಅವರೆಕಾಳು, ಹುರುಳಿಕಾಳು ನಂಜು, ಗಂಜಿ ಮತ್ತು ಮೊಸರನ್ನ ಬಿಟ್ಟು ಬೇರೇನೂ ಕೊಡಬೇಡ ಎಂದು ನಮ್ಮ ಅತ್ತೆ ಹೇಳುತ್ತಾರೆ. ಕಾಳಿನ ಸಾರು ಕೊಡಬಹುದೇ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಕೊಡಬಹುದು. ಸೊಗಡವರೆ ಸಂತೆಗೆ ಬರುವ ಹೊತ್ತಿಗೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಇದೇ ಉತ್ತರವನ್ನು ಬರೆಯುತ್ತೇನೆ. ಈ ಬಾರಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಅತ್ತೆಯವರಿಗೂ ಓದಿ ಹೇಳಿ.

ತಂತಿ ಬಿಗಿದ ಕೆಲವು ಗಂಟೆಗಳ ಬಳಿಕ ನೋವು ಶುರುವಾಗಿ, ಮರುದಿನ ಹೆಚ್ಚಾಗಿ, ಸಾಮಾನ್ಯವಾಗಿ ಒಂದು ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಹಲ್ಲಿನ ಬೇರನ್ನು ಮೂಳೆಗೆ ಹಿಡಿದಿಡುವ ನಾರುಗಳ ಮೇಲೆ ಒತ್ತಡ ಬೀಳುವುದರಿಂದ ಕಚ್ಚಿದರೆ ನೋಯುತ್ತದೆಯೇ ಹೊರತು ನುಂಗುವುದಕ್ಕೆ ಅಡ್ಡಿಯಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಂಜಿನ ಮಾತು. ಅವರೆ, ಬದನೆ ತಿಂದರೆ ಗಾಯ ಕೀವಾಗುತ್ತದೆ ಎಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಅಲುಗುವುದಿಲ್ಲ. ಮೊದಲನೆಯದಾಗಿ, ಕ್ಲಿಪ್ ಹಾಕುವಾಗ ತಂತಿಯನ್ನು ಕೂರಿಸುವ ಪುಟ್ಟ ಬ್ರಾಕೆಟ್‌ಗಳನ್ನು ಹಲ್ಲಿನ ಮೇಲ್ಮೈಗೆ ಅಂಟಿಸುತ್ತಾರೆಯೇ ವಿನಾ ಎಲ್ಲಿಯೂ ಕೊಯ್ಯುವುದಿಲ್ಲ. ಗಾಯವೇ ಇಲ್ಲದ ಮೇಲೆ ನಂಜು ಏರುವುದಾದರೂ ಎಲ್ಲಿಗೆ? ಎರಡನೆಯದಾಗಿ, ಜಾಗ ಸಾಲದಿದ್ದಾಗ ಕೋರೆಹಲ್ಲಿನ ಹಿಂದಿನ ಹಲ್ಲನ್ನು ಕೀಳಿಸುವುದುಂಟು, ಆಗ ಗಾಯ ಆಗುವುದು ನಿಜ. ಆದರೆ ಆ ಗಾಯದಲ್ಲಿ ಕೀವಾಗುವುದು ಬ್ಯಾಕ್ಟೀರಿಯಾಗಳಿಂದ. ಮೊದಲ ದಿನ ಅಲ್ಲಿ ಹೆಪ್ಪುಗಟ್ಟಿದ ರಕ್ತ ಕದಲದಂತೆ ನೋಡಿಕೊಳ್ಳುವುದು ಮುಖ್ಯವಾದ್ದರಿಂದ, ಜೋರಾಗಿ ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಹೀರಬಾರದು, ಸಾರು ಯಾವುದೇ ಕಾಳಿನದಾಗಿರಲಿ ಬಿಸಿಬಿಸಿಯಾಗಿ ಕುಡಿಯಬಾರದು. ಈ ಎಚ್ಚರಿಕೆಗಳನ್ನೆಲ್ಲ ಬಿಟ್ಟು ಅವರೆಯೊಂದನ್ನೇ ಹಿಡಿದುಕೊಳ್ಳುವುದು ನಮ್ಮ ರೂಢಿ. ಒಣ ಅವರೆಯಲ್ಲಾಗಲಿ ಹುರುಳಿಯಲ್ಲಾಗಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ, ಗಾಯ ಮಾಯಲು ದೇಹಕ್ಕೆ ಬೇಕಾದದ್ದೂ ಪ್ರೋಟೀನೇ. ಅದನ್ನು ನಂಜೆಂದು ತೆಗೆದಿಟ್ಟು ಮಗುವಿಗೆ ಬರಿಯ ಗಂಜಿ ಕುಡಿಸುತ್ತೇವೆ. ತೊಗರಿಬೇಳೆ ಆಗುತ್ತದೆ, ಅವರೆಬೇಳೆ ಆಗುವುದಿಲ್ಲ ಎನ್ನುವವರನ್ನು ಕಾರಣ ಕೇಳಿ ನೋಡಿ, ‘ಹಿಂದಿನಿಂದ ಹಾಗೇ ಬಂದಿದೆ’ ಎಂಬುದಕ್ಕಿಂತ ಮುಂದೆ ಯಾರೂ ಹೋಗುವುದಿಲ್ಲ. ಅವರೆ ತಿಂದಾಗಲೆಲ್ಲ ಮೈ ಕಡಿತ, ದದ್ದು ಕಾಣಿಸಿಕೊಳ್ಳುವವರು ಅದನ್ನು ಬಿಡಲಿ; ಅದು ಅಲರ್ಜಿ, ಅದರ ವಿಚಾರ ಬೇರೆ.

ಕಾಳು ತಿಂದ ಮಕ್ಕಳ ವಸಡು ಊದಿದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರಿದ್ದಾರೆ. ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಕಾಳಿನ ಸಿಪ್ಪೆ ತಂತಿಯ ಅಡಿಯಲ್ಲಿ ಸಿಕ್ಕಿಕೊಂಡು, ನೋವೆಂದು ಮಗು ಸರಿಯಾಗಿ ಬ್ರಷ್ ಮಾಡದೆ ಹೋದರೆ, ಅಲ್ಲಿ ಪಾಚಿ ಕಟ್ಟಿ ವಸಡು ಊದಿಕೊಳ್ಳುತ್ತದೆ. ಸಿಪ್ಪೆ ಕಡಲೆಯದಾಗಿದ್ದರೂ ಆಗುವುದು ಅದೇ.

ಸಿಪ್ಪೆಯೇ ತೊಂದರೆ ಎಂದಾದರೆ ಅದನ್ನು ತೆಗೆಯುವ ವಿದ್ಯೆ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಹಸಿ ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲಿಯೇ ಉಳಿದು ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ. ಈ ಹಿತಕಿದ ಬೇಳೆಯನ್ನು ಮುಟ್ಟಿದರೆ ಕರಗುವಷ್ಟು ಬೇಯಿಸಿ, ಕಾಯಿ ಮತ್ತು ಮಸಾಲೆಯನ್ನು ನುಣ್ಣಗೆ ರುಬ್ಬಿ ಹಾಕಿ. ಕಾಯಿ ತರಿತರಿಯಾಗಿದ್ದರೆ ಅದೂ ತಂತಿಗೆ ಸಿಕ್ಕುತ್ತದೆ. ಹುರುಳಿಯಾದರೆ ಬೇಯಿಸಿ ಬಸಿದ ಕಟ್ಟಿನ ಜೊತೆಗೆ ಒಂದು ಹಿಡಿ ಬೆಂದ ಕಾಳನ್ನು ರುಬ್ಬಿ ಸೋಸಿಕೊಳ್ಳಿ. ಒಗ್ಗರಣೆಯ ಸಾಸಿವೆ, ಕರಿಬೇವು ಮಗಳ ಬಟ್ಟಲಿಗೆ ಬೀಳದಿರಲಿ. ತಂತಿಯನ್ನು ಬ್ರಾಕೆಟ್‌ಗೆ ಹಿಡಿದಿಡಲು ಬಣ್ಣವಿಲ್ಲದ ಪುಟ್ಟ ರಬ್ಬರ್ ಬಳೆಗಳನ್ನು ಹಾಕಿಸಿದ್ದರೆ ಅರಿಶಿನದಿಂದ ಅವು ಹಳದಿಯಾಗುತ್ತವೆ. ಅದಕ್ಕೆ ಗಾಬರಿ ಬೇಡ, ಮುಂದಿನ ಭೇಟಿಯಲ್ಲಿ ಡಾಕ್ಟರು ಅವುಗಳನ್ನು ಬದಲಿಸುತ್ತಾರೆ.

ನೀವು ಕೇಳದಿದ್ದರೂ ಇದೊಂದನ್ನು ಹೇಳಬೇಕು, ಏಕೆಂದರೆ ಕಾಳು ಮೆತ್ತಗಾಗದಿದ್ದರೆ ಮೇಲಿನದೆಲ್ಲ ವ್ಯರ್ಥ. ಒಂದೇ ಚೀಲದ ಕಾಳು ಹಾಸನ ನಗರದಲ್ಲಿ ಹೇಮಾವತಿಯ ನಲ್ಲಿ ನೀರಿನಲ್ಲಿ ಬೆಣ್ಣೆಯಂತೆ ಬೆಂದು, ಬಯಲುಸೀಮೆಯ ಬೋರ್ ನೀರಿನಲ್ಲಿ ಎಷ್ಟು ವಿಜಿಲ್ ಕೂಗಿಸಿದರೂ ಗಟ್ಟಿಯಾಗಿಯೇ ಉಳಿದರೆ, ಅಂಗಡಿಯವರನ್ನು ಬೈಯುವ ಮೊದಲು ನೀರನ್ನು ಅನುಮಾನಿಸಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಜೀವಕೋಶಗಳನ್ನು ಅಂಟಿನಂತೆ ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿ ಅದು ಕರಗದಂತೆ ಬಿಗಿಹಿಡಿಯುತ್ತವೆ. ಹುಳಿಯ ಗುಣವೂ ಇಂಥದೇ. ಆದ್ದರಿಂದ ಕಾಳು ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಮತ್ತು ಟೊಮೆಟೊ ಹಾಕಬೇಕು. ಬೋರ್ ನೀರೇ ಗತಿ ಎನ್ನುವವರು ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಚಿಟಿಕೆ ಚಮಚವಾದರೆ ಸಾರು ಸೋಪಿನ ರುಚಿಗೆ ತಿರುಗುತ್ತದೆ, ಕಾಳಿನಲ್ಲಿರುವ ಬಿ1 ಜೀವಸತ್ವವೂ ನಷ್ಟವಾಗುತ್ತದೆ.