ಜೇಬಿನಲ್ಲಿ ಕಾರ್ಡು, ಬೀರುವಿನಲ್ಲಿ ಡಿಸ್ಕು

ತೊಂಬತ್ತರ ದಶಕದಲ್ಲಿ ತುಮಕೂರಿನ ಡಿಟಿಪಿ ಅಂಗಡಿಯಿಂದ ಬೆಂಗಳೂರಿನ ಪ್ರೆಸ್ಸಿಗೆ ಫೈಲು ಹೋಗಬೇಕೆಂದರೆ ಫ್ಲಾಪಿ ಎಂಬ ಪುಟ್ಟ ಡಿಸ್ಕೇ ಗತಿ. 70 ಕಿ.ಮೀ. ಬಸ್ ಪ್ರಯಾಣ, ಜೇಬಲ್ಲಿ 1.44 ಎಂಬಿ. ಲಗ್ನಪತ್ರಿಕೆಯ ಅಕ್ಷರಕ್ಕೆ ಅದು ಧಾರಾಳ. ದೊಡ್ಡದೊಂದು ಬಣ್ಣದ ಫೋಟೋ ಸೇರಿತೋ, ಫೈಲನ್ನು ತುಂಡು ಮಾಡಿ ನಾಲ್ಕಾರು ಫ್ಲಾಪಿಗೆ ಹಾಕಬೇಕಿತ್ತು. ಒಂದು ಕೈಕೊಟ್ಟರೂ ಉಳಿದವು ದಂಡ.

1995ರ ಹೊತ್ತಿಗೆ ಅಯೋಮೆಗಾ ಕಂಪನಿಯ ಜಿಪ್ ಡಿಸ್ಕ್ ಬಂತು. 100 ಎಂಬಿ! ಆದರೆ ಅದನ್ನು ಓದಲು ಬೇರೆಯೇ ಯಂತ್ರ, ಅಂದರೆ ಡ್ರೈವ್ ಬೇಕು. ಕೊಡುವವರ ಹತ್ತಿರವೂ ಇರಬೇಕು, ತಗೊಳ್ಳುವವರ ಹತ್ತಿರವೂ ಇರಬೇಕು. ಕೆಲವು ಡ್ರೈವ್‌ಗಳಂತೂ ಟಿಕ್ ಟಿಕ್ ಎನ್ನುತ್ತಲೇ ಕೆಟ್ಟುಹೋಗುತ್ತಿದ್ದವು.

ಅಷ್ಟರಲ್ಲಾಗಲೇ ಇನ್ನೊಂದು ದಾರಿ ತೆರೆದಿತ್ತು. ಜಪಾನಿನ ತೋಶಿಬಾ ಕಂಪನಿಯ ಫುಜಿಯೋ ಮಸುವೊಕಾ ಎಂಬತ್ತರ ದಶಕದಲ್ಲೇ ಫ್ಲ್ಯಾಶ್ ಮೆಮೊರಿ ಕಂಡುಹಿಡಿದಿದ್ದರು. ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಓದುವ ಹೆಡ್ಡು ಅತ್ತಿತ್ತ ಓಡಾಡಬೇಕು. ಫ್ಲ್ಯಾಶ್‌ನಲ್ಲಿ ಅಲುಗಾಡುವುದು ಏನೂ ಇಲ್ಲ. ಪುಟ್ಟ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಸುತ್ತ ಕರೆಂಟು ಹರಿಯದ ಪದರ ಕಟ್ಟಿರುತ್ತಾರೆ. ವಿದ್ಯುತ್ ಹೋದರೂ ಅವು ಅಲ್ಲೇ ಇರುತ್ತವೆ. 1994ರಲ್ಲಿ ಸ್ಯಾನ್‌ಡಿಸ್ಕ್ ಇದನ್ನೇ ಕ್ಯಾಮೆರಾದೊಳಗೆ ಕೂರುವ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಮಾಡಿ ತಂತು.

ಹಾಗಂತ ಡಿಸ್ಕು ಸುಲಭಕ್ಕೆ ಸೋಲಲಿಲ್ಲ. 1999ರಲ್ಲಿ ಫ್ಲ್ಯಾಶ್‌ನದೇ ಇನ್ನೂ ಚಿಕ್ಕ ರೂಪವಾದ ಎಸ್‌ಡಿ ಕಾರ್ಡ್ ಘೋಷಣೆಯಾಯಿತು. ಅದೇ ವರ್ಷ ಐಬಿಎಂ, ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿನ ಜಾಗದಲ್ಲೇ ಕೂರುವ ಮೈಕ್ರೋಡ್ರೈವ್ ಬಿಟ್ಟಿತು. ಒಳಗೆ ನಾಣ್ಯದಷ್ಟೇ ಅಗಲದ ತಿರುಗುವ ತಟ್ಟೆ, 340 ಎಂಬಿ ಜಾಗ. ನನ್ನ ಕಣ್ಣಿಗೆ ಈ ಇಡೀ ಕಥೆಯಲ್ಲಿ ಅದಕ್ಕಿಂತ ಚೆಂದದ ವಸ್ತು ಇಲ್ಲ. ಆದರೆ ಕೈಜಾರಿ ನೆಲಕ್ಕೆ ಬಿದ್ದರೆ? ಹಾಡು ಕೇಳಲೆಂದು ಆಪಲ್ ತಂದ 2004ರ ಐಪಾಡ್ ಮಿನಿಯಲ್ಲಿ ಇಂಥದ್ದೇ ಡಿಸ್ಕ್ ಇತ್ತು. ಮರುವರ್ಷ ಅದರ ಜಾಗಕ್ಕೆ ಬಂದ ನ್ಯಾನೋದಲ್ಲಿ ಫ್ಲ್ಯಾಶ್. ಅಲ್ಲಿಗೆ ಜೇಬಿನ ಮಟ್ಟಿಗೆ ಡಿಸ್ಕಿನ ಆಟ ಮುಗಿಯಿತು ಅನ್ನಬಹುದು.

ನಮ್ಮ ಕಡೆ ಕಾರ್ಡನ್ನು ಮನೆಮಾತು ಮಾಡಿದ್ದು ಕ್ಯಾಮೆರಾಗಿಂತ ಜಾಸ್ತಿ ಮೊಬೈಲು. ಬೆರಳುಗುರಿನಷ್ಟಿದ್ದ ಮೈಕ್ರೋಎಸ್‌ಡಿ ಹಿಡಿದು ಗುಬ್ಬಿ, ತಿಪಟೂರಿನ ಹುಡುಗರು ಮೊಬೈಲ್ ಅಂಗಡಿಗೆ ಹಾಡು ಹಾಕಿಸಲು ಹೋಗುತ್ತಿದ್ದ ಕಾಲ ನೆನಪಿದೆ ಅಲ್ವಾ? ಕಾರ್ಡು ಅಂಗಡಿಗೆ ಬರುವಾಗ ಬೇರೆಯವರ ಕಂಪ್ಯೂಟರಿನ ವೈರಸ್ಸನ್ನೂ ತರುತ್ತಿತ್ತು, ಅದು ಬೇರೆ ಮಾತು.

ಕಾರ್ಡಿನ ದೌರ್ಬಲ್ಯ ಇರುವುದು ಬೇರೆ ಕಡೆ. ಅಳಿಸಿ ಬರೆದಷ್ಟೂ ಎಲೆಕ್ಟ್ರಾನುಗಳ ಸುತ್ತ ಕಟ್ಟಿದ ಆ ಪದರ ಸವೆಯುತ್ತದೆ. ಸುಮ್ನೆ ಇಟ್ಟರೂ ವರ್ಷಗಳಲ್ಲಿ ಎಲೆಕ್ಟ್ರಾನುಗಳು ನಿಧಾನಕ್ಕೆ ಸೋರುತ್ತವೆ. ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಸದ್ದು ಮಾಡಿ ಎಚ್ಚರಿಸುತ್ತದೆ. ಕಾರ್ಡು ಸದ್ದಿಲ್ಲದೆ ಹೋಗಿಬಿಡುತ್ತದೆ. ಜೊತೆಗೆ ಟಿಬಿಗಟ್ಟಲೆ (ಒಂದು ಟಿಬಿ ಅಂದರೆ ಸುಮಾರು ಹತ್ತು ಲಕ್ಷ ಎಂಬಿ) ಜಾಗ ಬೇಕೆಂದರೆ ಇವತ್ತಿಗೂ ಹಾರ್ಡ್ ಡಿಸ್ಕೇ ಅಗ್ಗ. ಹಾಗಾಗಿ ಮದುವೆ ಫೋಟೋ ತೆಗೆಯುವವರು ಶೂಟಿಂಗ್ ಮಾಡುವುದು ಕಾರ್ಡಿನಲ್ಲಿ, ಮುಗಿದ ಮೇಲೆ ತುಂಬಿಡುವುದು ಹಾರ್ಡ್ ಡಿಸ್ಕಿನಲ್ಲಿ. ಬುದ್ಧಿವಂತರು ಎರಡು ಡಿಸ್ಕಿಗೆ ಹಾಕುತ್ತಾರೆ, ಆಮೇಲಷ್ಟೇ ಕಾರ್ಡನ್ನು ಫಾರ್ಮ್ಯಾಟ್ ಮಾಡುತ್ತಾರೆ.