ಶೆರ್ಬೂರ್ ಬಂದರು ಕಾಯಲು ನಿಂತ 709ನೇ ಡಿವಿಷನ್

1912ರ ಏಪ್ರಿಲ್ 10ರ ಸಂಜೆ ಟೈಟಾನಿಕ್ ಹಡಗು ಫ್ರಾನ್ಸಿನ ಶೆರ್ಬೂರ್‌ನಲ್ಲಿ ಲಂಗರು ಹಾಕಿ ಜನರನ್ನು ಹತ್ತಿಸಿಕೊಂಡಿತ್ತು. ಅಟ್ಲಾಂಟಿಕ್ ದಾಟುವ ಹಡಗುಗಳು ಬಂದು ಹೋಗುತ್ತಿದ್ದ ಊರು ಅದು. 32 ವರ್ಷಗಳ ನಂತರ, ಎರಡನೇ ಮಹಾಯುದ್ಧದಲ್ಲಿ, ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿಯಲು ಹೊರಟ ಅಮೆರಿಕನ್ ಸೇನೆಯ ಕಣ್ಣು ಇದೇ ಬಂದರಿನ ಮೇಲಿತ್ತು. ಲಕ್ಷಾಂತರ ಸೈನಿಕರಿಗೆ ಊಟ, ಪೆಟ್ರೋಲ್, ಮದ್ದುಗುಂಡು ಎಲ್ಲವೂ ಹಡಗಿನಲ್ಲೇ ಬರಬೇಕಲ್ವಾ?

ಈ ಬಂದರಿರುವ ಕೊತಾಂತೆನ್ ಪರ್ಯಾಯ ದ್ವೀಪದ ಪೂರ್ವ ಮತ್ತು ಉತ್ತರ ಕರಾವಳಿಯ ಕಾವಲು ಜರ್ಮನಿಯ 709ನೇ ಪದಾತಿ ಡಿವಿಷನ್‌ಗೆ ಬಿದ್ದಿತ್ತು. 1941ರಲ್ಲಿ ಕಟ್ಟಿದ ಈ ಪಡೆಯನ್ನು ಜರ್ಮನ್ನರು 'ಬೋಡೆನ್‌ಷ್ಟೆಂಡಿಶ್' ಎಂದು ಕರೆಯುತ್ತಿದ್ದರು. ಇದ್ದ ಜಾಗಕ್ಕೇ ಕಟ್ಟುಬಿದ್ದ ಪಡೆ ಅಂತ ಅರ್ಥ. ಲಾರಿಗಳು ತೀರಾ ಕಡಿಮೆ. ಎಲ್ಲಿ ನಿಲ್ಲಿಸಿದರೋ ಅಲ್ಲೇ ಹೋರಾಡಬೇಕು. ಸೈನಿಕರ ಸರಾಸರಿ ವಯಸ್ಸು 36. ಗಟ್ಟಿಮುಟ್ಟಾದ ಹುಡುಗರು ಬೇಕಾಗಿದ್ದು ರಷ್ಯಾದ ರಣರಂಗಕ್ಕೆ, ಕರಾವಳಿಗೆ ಉಳಿದವರು ಇವರು.

ಅವರೂ ಸಾಲದೆ ಬಂದಾಗ 'ಓಸ್ಟ್ ಬೆಟಾಲಿಯನ್'ಗಳು ಬಂದವು. ಅಂದರೆ ಪೂರ್ವದ ತುಕಡಿಗಳು. ಅವುಗಳಲ್ಲಿದ್ದ ಬಹಳಷ್ಟು ಮಂದಿ ಸೋವಿಯತ್ ಸೇನೆಯಲ್ಲಿದ್ದು ಜರ್ಮನ್ನರಿಗೆ ಸೆರೆಸಿಕ್ಕವರು. ಜರ್ಮನ್ನರ ಸೆರೆಯಲ್ಲಿ 30 ಲಕ್ಷಕ್ಕೂ ಜಾಸ್ತಿ ಸೋವಿಯತ್ ಸೈನಿಕರು ಸತ್ತರು, ಹೆಚ್ಚಿನವರು ಹಸಿವು, ಚಳಿ, ಕಾಯಿಲೆಯಿಂದ. ಅಂಥ ಶಿಬಿರದಲ್ಲಿ ಕೂತವನ ಮುಂದೆ ಜರ್ಮನ್ ಸಮವಸ್ತ್ರ ಮತ್ತು ಊಟ ಇಟ್ಟರೆ ಅವನು ಏನು ಮಾಡಬೇಕು? ಅವರನ್ನು ಸುಮ್ನೆ ದ್ರೋಹಿಗಳು ಅಂದುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಜೂನ್ 6ರಂದು ಅಮೆರಿಕನ್ನರು 'ಯೂಟಾ' ಎಂದು ಗುಪ್ತ ಹೆಸರಿಟ್ಟಿದ್ದ ನಾರ್ಮಂಡಿಯ ಕಡಲತೀರದಲ್ಲಿ ಇಳಿದಾಗ ಎದುರಿಗಿದ್ದದ್ದು ಇದೇ ಡಿವಿಷನ್ನಿನ 919ನೇ ರೆಜಿಮೆಂಟ್. ತೀರ ಅಂದೇ ಕೈತಪ್ಪಿತು. ಮರುದಿನ ಸೋವಿಯತ್ ಜಾರ್ಜಿಯಾದವರ 795ನೇ ಓಸ್ಟ್ ಬೆಟಾಲಿಯನ್ ಶರಣಾಯಿತು. ಜೂನ್ 18ಕ್ಕೆ ಅಮೆರಿಕನ್ನರು ಪಶ್ಚಿಮದ ಕಡಲನ್ನೂ ಮುಟ್ಟಿದರು. ಶೆರ್ಬೂರ್‌ಗೆ ಹೊರಗಿನ ದಾರಿ ಮುಚ್ಚಿತು.

ಅದರ ಮರುದಿನವೇ ಬಿರುಗಾಳಿ ಎದ್ದಿತು. 'ಒಮಾಹಾ' ಎಂಬ ಗುಪ್ತ ಹೆಸರಿನ ಇನ್ನೊಂದು ತೀರದಲ್ಲಿ ಅಮೆರಿಕನ್ನರು ಕಟ್ಟಿಕೊಂಡಿದ್ದ ಕೃತಕ ಬಂದರು ಪುಡಿಯಾಯಿತು. ಈಗ ನಿಜವಾದ ಬಂದರು ಬೇಕೇ ಬೇಕಾಯಿತು.

ಡಿವಿಷನ್ನಿನ ನಾಯಕ ಕಾರ್ಲ್-ವಿಲ್ಹೆಲ್ಮ್ ಫಾನ್ ಷ್ಲೀಬೆನ್. ಕೊನೆಯವರೆಗೂ ಹೋರಾಡಬೇಕೆಂದು ಹಿಟ್ಲರ್ ಅವರಿಗೆ ಆಜ್ಞೆ ಕಳಿಸಿದ. 1807ರಲ್ಲಿ ನೆಪೋಲಿಯನ್ನನ ಸೇನೆಯ ಎದುರು ಕೋಲ್ಬರ್ಗ್ ಬಂದರನ್ನು ಕಾದ ಪ್ರಷ್ಯದ ಸೇನಾನಿ ಗ್ನೈಸೆನೌನ ಹಾಗೆ ನಿಲ್ಲಬೇಕಂತೆ. ಷ್ಲೀಬೆನ್ ಮಾತ್ರ ಮೇಲಿನವರಿಗೆ ಇದ್ದದ್ದನ್ನು ಇದ್ದಹಾಗೆ ವರದಿ ಮಾಡಿದರು. ನನ್ನ ಜನಕ್ಕೆ ವಯಸ್ಸಾಗಿದೆ, ತರಬೇತಿ ಸಾಲದು, ಬಂಕರ್‌ಗಳಲ್ಲಿ ಕೂತು ಕೂತು ಮರಗಟ್ಟಿದ್ದಾರೆ ಎಂಬುದು ಅದರ ಸಾರ. ಕೊನೆಯ ಗುಂಡಿನವರೆಗೂ ಹೋರಾಡಿ ಎಂದೇ ಮೇಲಧಿಕಾರಿ ಫೀಲ್ಡ್ ಮಾರ್ಷಲ್ ರೋಮೆಲ್ ಉತ್ತರಿಸಿದರು.

ಇನ್ನೊಂದು ತೊಂದರೆಯೂ ಇತ್ತು. ಬಂದರಿನ ದೊಡ್ಡ ಫಿರಂಗಿಗಳನ್ನು ಸಮುದ್ರದಿಂದ ಬರುವ ಶತ್ರುವಿಗೆಂದು ಇಟ್ಟಿದ್ದರು. ಶತ್ರು ಬಂದದ್ದು ಬೆನ್ನ ಹಿಂದಿನಿಂದ. ಜೂನ್ 22ರಂದು ವಿಮಾನಗಳ ಬಾಂಬು, 25ರಂದು ಕಡಲಿನಿಂದ ಯುದ್ಧನೌಕೆಗಳ ಗುಂಡು. ಊರಿನ ನೆತ್ತಿಯ ಮೇಲಿರುವ ರೂಲ್ ಕೋಟೆಯಲ್ಲಿ ಅಮೆರಿಕನ್ನರು ಮೇಲೆ ಹತ್ತಿ ಕೂತಿದ್ದರು, ಜರ್ಮನ್ನರು ಕೆಳಗಿನ ಸುರಂಗಗಳಲ್ಲಿ ಇನ್ನೂ ಗುಂಡು ಹಾರಿಸುತ್ತಿದ್ದರು.

ಜೂನ್ 26ರಂದು ಷ್ಲೀಬೆನ್ ತಮ್ಮ ನೆಲಮಾಳಿಗೆಯಿಂದ ಹೊರಬಂದು ಶರಣಾದರು. ಉಳಿದವರಿಗೆ ಶರಣಾಗಲು ಹೇಳಿ ಅಂದಾಗ ಒಪ್ಪಲಿಲ್ಲ. ಹೀಗಾಗಿ ಮೂಲೆಮೂಲೆಯಲ್ಲಿ ಇನ್ನೂ ಕೆಲವು ದಿನ ಜನ ಸಾಯುತ್ತಲೇ ಇದ್ದರು. ನನ್ನ ಮಟ್ಟಿಗೆ ಇದು ಅವರ ದೊಡ್ಡ ತಪ್ಪು. ತಾನು ಬದುಕಿಕೊಂಡ ಸೇನಾಪತಿ ತನ್ನವರಿಗೂ ಆ ಅವಕಾಶ ಕೊಡಬೇಕಿತ್ತು.

ಅಷ್ಟರಲ್ಲಿ ಜರ್ಮನ್ನರಿಗೆ ಬೇಕಾದ ಕೆಲಸ ಮುಗಿದಿತ್ತು. ಕ್ರೇನ್‌ಗಳು ಉರುಳಿದ್ದವು, ಹಡಗುಗಳು ಮುಳುಗಿ ದಾರಿ ಕಟ್ಟಿದ್ದವು, ನೀರಿನ ತುಂಬ ಮೈನ್‌ಗಳು. ಹಡಗು ಪ್ರಯಾಣಿಕರಿಗೆಂದು ಕಟ್ಟಿದ್ದ ನಿಲ್ದಾಣವೂ ಸ್ಫೋಟಕ್ಕೆ ಸಿಕ್ಕಿತು. ಇದಕ್ಕಾಗಿ ನೌಕಾಪಡೆಯ ಅಧಿಕಾರಿ ವಾಲ್ಟರ್ ಹೆನೆಕೆಗೆ ಹಿಟ್ಲರ್ ನೈಟ್ಸ್ ಕ್ರಾಸ್ ಪದಕ ಕೊಟ್ಟ. ಡಿವಿಷನ್ನನ್ನು ಅಲ್ಲಿ ನಿಲ್ಲಿಸಿದ್ದರಿಂದ ಸಿಕ್ಕಿದ್ದು ಈ ಒಡೆಯುವ ಕೆಲಸಕ್ಕೆ ಬೇಕಾದ ಕೆಲವು ದಿನಗಳು, ಅಷ್ಟೇ. ಜುಲೈ ಮಧ್ಯದ ಹೊತ್ತಿಗೆ ಅಮೆರಿಕನ್ ಸರಕು ಹಡಗುಗಳು ಇಲ್ಲಿ ಮಾಲು ಇಳಿಸಲು ಶುರುಮಾಡಿದವು.

709ನೇ ಡಿವಿಷನ್ನನ್ನು ಮತ್ತೆ ಕಟ್ಟಲಿಲ್ಲ. ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮಾಡಿಕೊಂಡ 1945ರ ಯಾಲ್ಟಾ ಒಪ್ಪಂದದಂತೆ ಸೋವಿಯತ್ ಪ್ರಜೆಗಳನ್ನು ಅವರ ದೇಶಕ್ಕೆ ಒಪ್ಪಿಸಲಾಯಿತು, ಬರಲ್ಲ ಎಂದವರನ್ನೂ ಬಿಡಲಿಲ್ಲ. ಓಸ್ಟ್ ಬೆಟಾಲಿಯನ್‌ಗಳಲ್ಲಿದ್ದ ಎಷ್ಟೋ ಜನ ಜರ್ಮನ್ನರ ಶಿಬಿರದಲ್ಲಿ ಸಾವು ತಪ್ಪಿಸಿಕೊಂಡು, ಕೊನೆಗೆ ಸ್ಟಾಲಿನ್ನನ ಶಿಬಿರ ಸೇರಿದರು.