ಟ್ಯಾಬಾ, ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ? ಕೊಟೇಶನ್ ಚೀಟಿ ಓದಲು ಟಿಪ್ಪಣಿ

ಸಂಜೆ ಬ್ಯಾಚಿನ ಗೆಳೆಯರೇ, ಹೋದ ವಾರ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಹಾರ್ಡ್‌ವೇರ್ ಪಾಠ ಮುಗಿಯಿತಲ್ಲ, ಆಮೇಲೆ ಮೆಟ್ಟಿಲ ಹತ್ತಿರ ನಿಂತು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಮನಿಗಿ ಯಾವ್ದು ತಗೋಬೇಕ್ರಿ?" ಪುಸ್ತಕದಲ್ಲಿ ಸಿಪಿಯು, ಮೆಮೊರಿ, ಇನ್‌ಪುಟ್, ಔಟ್‌ಪುಟ್ ಅಂತ ಡಬ್ಬಿ ಡಬ್ಬಿ ಚಿತ್ರ ಇದೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಅಂಗಡಿಯವರು ಬರೆದು ಕೊಡುವ ಕೊಟೇಶನ್ ಚೀಟಿ ಓದುವುದು ಹೇಗೆ ಅನ್ನೋದು ಮಾತ್ರ ಇಲ್ಲ. ಅದಕ್ಕೆ ಪಾಠವನ್ನು ಆ ಚೀಟಿಯ ಪಕ್ಕ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೆಲೆ ಬರೆದಿಲ್ಲ. ಇವತ್ತಿನ ರೇಟು ಮುಂದಿನ ತಿಂಗಳು ಇರಲ್ಲ.

ಅರ್ಧ ಪ್ರಶ್ನೆ ಕೇಳಿ ಟ್ಯಾಬ್ ತಂದದ್ದು

ಎರಡು ವರ್ಷದ ಹಿಂದೆ ಪರೀಕ್ಷೆ ತಯಾರಿಗೆ ಅಂತ ನಾನು 10 ಇಂಚಿನ ಆಂಡ್ರಾಯ್ಡ್ ಟ್ಯಾಬ್ ತಗೊಂಡೆ. "ಟೈಪಿಂಗ್ ಆಗ್ತದೇನ್ರಿ?" ಅಂತ ಕೇಳಿದ್ದೆ. "ಇದ್ರಾಗ ಎಲ್ಲಾ ಆಗ್ತದ್ರಿ ಅಕ್ಕಾರ" ಅಂದರು ಅಂಗಡಿಯವರು. ಸುಳ್ಳೇನೂ ಹೇಳಲಿಲ್ಲ ಅವರು. ನಾನು ಕೇಳಿದ್ದೇ ಅರ್ಧ.

ಪಾಠದ ವಿಡಿಯೋ ನೋಡಿದೆ. ಹಳೆ ಪ್ರಶ್ನೆಪತ್ರಿಕೆಯ ಪಿಡಿಎಫ್ ಓದಿದೆ. ಬಸ್ಸಿನಲ್ಲೂ ಕೈಯಲ್ಲಿ ಹಗುರ. ಕನ್ನಡ ಟೈಪಿಂಗ್ ಕಲಿಯಲು ಕೂತಾಗ ಸಿಕ್ಕಿಬಿದ್ದೆ. ನನಗೆ ಬೇಕಾಗಿದ್ದದ್ದು ನುಡಿ. ಕನ್ನಡ ಗಣಕ ಪರಿಷತ್ತಿನ ಈ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾಡಿದ್ದು. ವಿಂಡೋಸ್ ಪ್ರೋಗ್ರಾಂ ಆಂಡ್ರಾಯ್ಡ್‌ನಲ್ಲಿ ಓಡಲ್ಲ, ಐಪ್ಯಾಡ್‌ನಲ್ಲೂ ಓಡಲ್ಲ. ಬ್ಲೂಟೂತ್ ಕೀಬೋರ್ಡ್ ತಂದು ಜೋಡಿಸಿದೆ. ಬೆರಳಿಗೆ ಕೀ ಸಿಕ್ಕವು, ನುಡಿ ಸಿಗಲಿಲ್ಲ. ನುಡಿಯಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಕೀ ಒತ್ತಬೇಕು. ಕೆ, ಎಫ್, ಕೆ ಒತ್ತಿದರೆ "ಕ್ಕ". ಟ್ಯಾಬಿನ ಕೀಬೋರ್ಡ್ ಆ್ಯಪ್‌ನ ದಾರಿಯೇ ಬೇರೆ. ಒಂದರಲ್ಲಿ ಕೈ ಪಳಗಿಸಿ ಇನ್ನೊಂದರಲ್ಲಿ ಪರೀಕ್ಷೆ ಬರೆಯಲು ಆಗುತ್ತಾ?

ಇನ್ನೊಂದು ತಮಾಷೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ವರ್ಡ್ ಫೈಲ್ ಒಂದನ್ನು ಗೆಳತಿ ಕಳಿಸಿದಳು. ಟ್ಯಾಬಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಿಚಡಿ. ಫೈಲ್ ಕೆಟ್ಟಿರಲಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲಿ ಒಂದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಬರೆದರೆ ಈ ಕಾಟ ಇಲ್ಲ. ಕ್ಲಾಸಿನ ಯೂನಿಕೋಡ್ ಪಾಠ ನನ್ನ ತಲೆಗೆ ಹತ್ತಿದ್ದು ಅವತ್ತೇ.

ಹಾಗಾಗಿ ಚೀಟಿ ಬರೆಸುವ ಮುಂಚೆ ನೀವೇ ಒಂದು ಚೀಟಿ ಬರೆದುಕೊಳ್ಳಿ. ಅದರಲ್ಲಿ ಕೆಲಸದ ಹೆಸರು ಬೇಡ, ಸಾಫ್ಟ್‌ವೇರಿನ ಹೆಸರು ಇರಲಿ. "ಟೈಪಿಂಗ್" ಅಂದರೆ ಸಾಲದು, "ನುಡಿ" ಅಂತ ಬರೆಯಿರಿ. "ಲೆಕ್ಕ" ಅಂದರೆ ಸಾಲದು. ನಮ್ಮ ಕಾಕಾ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ತೊಗರಿ ಸೀಜನ್ನಿನಲ್ಲಿ ಮನೆಗೂ ಕೆಲಸ ತರುತ್ತಾರೆ. ಅವರ ಲೆಕ್ಕ ಅಂದರೆ ಟ್ಯಾಲಿ, ಅದಕ್ಕೆ ವಿಂಡೋಸ್ ಬೇಕೇ ಬೇಕು. ಎಕ್ಸೆಲ್ ಟ್ಯಾಬಿನಲ್ಲೂ ಬರುತ್ತದೆ ನಿಜ, ಆದರೆ ಮ್ಯಾಕ್ರೋ (ಫೈಲಿನೊಳಗೆ ಬರೆದಿಟ್ಟ, ತಾನೇ ನಡೆಯುವ ಆದೇಶಗಳು) ಅಲ್ಲಿ ಓಡಲ್ಲ. ನಿಮ್ಮ ಚೀಟಿಯಲ್ಲಿ ಬರೀ ಯೂಟ್ಯೂಬ್, ಪಿಡಿಎಫ್, ವಿಡಿಯೋ ಕಾಲ್ ಇದ್ದರೆ ಟ್ಯಾಬ್ ಸಾಕು. ಲ್ಯಾಪ್‌ಟಾಪಿಗೆ ದುಡ್ಡು ಸುರಿಯುವುದು ಸುಮ್ನೆ.

ನಮ್ಮ ಬಿಸಿಲು, ನಮ್ಮ ಕರೆಂಟು

ಪುಸ್ತಕ ಬರೆದವರು ಕಲಬುರಗಿಯ ಮೇ ತಿಂಗಳು ನೋಡಿಲ್ಲ ಅನಿಸುತ್ತೆ. ಐಪ್ಯಾಡ್ ಬಳಸಲು ಸುತ್ತಲಿನ ಗಾಳಿ 0ರಿಂದ 35 ಡಿಗ್ರಿ ಒಳಗೆ ಇರಬೇಕು ಅಂತ ಆಪಲ್ ಹೇಳುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕಾಗದದಲ್ಲೂ ಇದೇ 35 ಕಾಣುತ್ತದೆ. ನಮ್ಮಲ್ಲಿ ಬೇಸಿಗೆ 40 ದಾಟುವುದು ಹೊಸದಲ್ಲ. ಮಧ್ಯಾಹ್ನ ತಗಡಿನ ಕೋಣೆಯಲ್ಲಿ ಕೂತರೆ ಇನ್ನೂ ಜಾಸ್ತಿ.

ಆಗ ಏನಾಗುತ್ತೆ? ಪ್ರೊಸೆಸರ್ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಟ್ಯಾಬಿನಲ್ಲಿ ಫ್ಯಾನ್ ಇಲ್ಲ, ಬಿಸಿ ಹೋಗುವುದು ಮೈಯಿಂದಲೇ. ಅದಕ್ಕೆ ತೆರೆ ಮಂಕಾಗುತ್ತದೆ, ಚಾರ್ಜಿಂಗ್ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ನನ್ನ ಟ್ಯಾಬ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ದಿದ್ದೆ. ಎಸಿ ಇರುವ ಅಂಗಡಿಗೆ ಹೋದ ಕೂಡಲೇ ತಾನೇ ಸರಿಯಾಯಿತು. ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಇದೆ, ಆದರೆ ಗಾದಿ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ಮೇಜು ಇಲ್ಲದಿದ್ದರೆ ಶಹಾಬಾದ್ ಕಲ್ಲಿನ ನೆಲವೇ ವಾಸಿ, ತಣ್ಣಗೂ ಇರುತ್ತದೆ. ಡೆಸ್ಕ್‌ಟಾಪ್ ಡಬ್ಬಿಯನ್ನು ಮಾತ್ರ ನೆಲಕ್ಕೆ ಇಡಬೇಡಿ, ಕಸ ಹೊಡೆಯುವಾಗ ಏಳುವ ಧೂಳನ್ನೆಲ್ಲ ಅದರ ಫ್ಯಾನ್ ಒಳಗೆ ಎಳೆಯುತ್ತದೆ. ಇನ್ನು ನೀರಿನ ಕೂಲರ್ ಎದುರಿಗೆ ಯಾವುದನ್ನೂ ಇಡಬೇಡಿ. ಆ ಗಾಳಿ ನಮಗೆ ಹಿತ, ಯಂತ್ರಕ್ಕೆ ತೇವ.

ಲಿಥಿಯಂ ಬ್ಯಾಟರಿ ಬಿಸಿಗೆ ಬೇಗ ಮುಪ್ಪಾಗುತ್ತದೆ. ಸದಾ 100 ಪರ್ಸೆಂಟ್ ತುಂಬಿಸಿಟ್ಟರೂ ಹಾಗೇ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ತಂದ ದಿನವೇ ಹುಡುಕಿ ಹಾಕಿಡಿ.

ಈಗ ಕರೆಂಟಿನ ಲೆಕ್ಕ. ಒಂದು ಯೂನಿಟ್ ಅಂದರೆ 1000 ವ್ಯಾಟ್‌ಅವರ್. ಮಾನಿಟರ್ ಸೇರಿ ಡೆಸ್ಕ್‌ಟಾಪ್ 120 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ 5 ತಾಸು ಅಂದರೆ 600 ವ್ಯಾಟ್‌ಅವರ್, 30 ದಿನಕ್ಕೆ 18 ಯೂನಿಟ್. ಲ್ಯಾಪ್‌ಟಾಪ್ 40 ವ್ಯಾಟ್ ಅಂದುಕೊಂಡರೆ ಅದೇ ಕೆಲಸಕ್ಕೆ 6 ಯೂನಿಟ್. ಟ್ಯಾಬಿನ ಲೆಕ್ಕ ಬ್ಯಾಟರಿಯಿಂದ ಮಾಡಬೇಕು: 7000 ಎಂಎಎಚ್ ಅಂದರೆ 7 ಆಂಪಿಯರ್‌ಅವರ್, ವೋಲ್ಟೇಜ್ ಸುಮಾರು 3.8, ಗುಣಿಸಿದರೆ 26.6 ವ್ಯಾಟ್‌ಅವರ್. ದಿನಾ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಒಂದು ಯೂನಿಟ್ ಆಸುಪಾಸು.

ಬಿಲ್ಲಿಗಿಂತ ದೊಡ್ಡ ತಲೆನೋವು ಕರೆಂಟ್ ಹೋಗೋದು. "ಕರೆಂಟ್ ಹೋಗ್ಯಾದ" ಅಂತ ಅವ್ವ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಡೆಸ್ಕ್‌ಟಾಪ್ ಆರಿರುತ್ತದೆ, ಸೇವ್ ಮಾಡದ ಪುಟವೂ ಹೋಗಿರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯುಪಿಎಸ್. ಡೆಸ್ಕ್‌ಟಾಪಿಗೆ ಬೇರೆ ಕೊಳ್ಳಬೇಕು. 600 ವಿಎ ಅಂತ ಬರೆದ ಯುಪಿಎಸ್ 600 ವ್ಯಾಟ್ ಕೊಡಲ್ಲ, ಸಾಮಾನ್ಯವಾಗಿ 360 ಕೊಡುತ್ತದೆ. ಒಳಗೆ 12 ವೋಲ್ಟ್, 7 ಆಂಪಿಯರ್‌ಅವರ್ ಬ್ಯಾಟರಿ ಇದ್ದರೆ ಒಟ್ಟು 84 ವ್ಯಾಟ್‌ಅವರ್. 120ರಿಂದ ಭಾಗಿಸಿದರೆ ಕಾಗದದ ಮೇಲೆ 42 ನಿಮಿಷ. ಚಿಕ್ಕ ಬ್ಯಾಟರಿಯಿಂದ ಜೋರಾಗಿ ಎಳೆದರೆ ಅಷ್ಟು ಬರಲ್ಲ, 15-20 ನಿಮಿಷ ಅಂತ ಹಿಡಿದುಕೊಳ್ಳಿ. ಸೇವ್ ಮಾಡಿ ಮುಚ್ಚಲು ಸಾಕು, ಟೈಪಿಂಗ್ ಅಭ್ಯಾಸಕ್ಕೆ ಸಾಲದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಅದನ್ನು ಹಾಕದಿದ್ದರೆ ಲೈನ್ ಬದಲಾಗುವ ಆ ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು.

ನಮ್ಮ ಪಾಠದಲ್ಲಿ ಇಲ್ಲದ ನಾಲ್ಕನೆಯ ಜಾತಿ ಒಂದಿದೆ: ಮಿನಿ ಪಿಸಿ. ಊಟದ ಡಬ್ಬಿಯಷ್ಟು ದಪ್ಪ. 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ಸಾಮಾನ್ಯವಾಗಿ 10ರಿಂದ 25 ವ್ಯಾಟಿನಲ್ಲಿ ನಡೆಯುತ್ತದೆ. ನುಡಿ, ವರ್ಡ್, ಬ್ರೌಸರ್‌ಗೆ ಧಾರಾಳ ಸಾಕು. ಮಾನಿಟರ್ ಮನೆಯಲ್ಲಿ ಮೊದಲೇ ಇದ್ದವರಿಗೆ ನಾನು ಹೇಳುವುದು ಇದನ್ನೇ.

ಚೀಟಿಯಲ್ಲಿ ಬರೀ "ಐ5" ಇದ್ದರೆ

ಐ3, ಐ5 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ಹೆಸರು. ಮೋಸ ಹೋಗುವುದು ಈ ಸಾಲಿನಲ್ಲೇ ಜಾಸ್ತಿ. "ಐ3ಕ್ಕಿಂತ ಐ5 ಚಲೋ" ಅನ್ನೋ ಮಾತು ಒಂದೇ ಪೀಳಿಗೆಯ ಒಳಗೆ ಮಾತ್ರ ನಿಜ. ಐ5-7200ಯು ಅಂತ ಇದ್ದರೆ ಮೊದಲ ಅಂಕಿ 7, ಅಂದರೆ ಏಳನೇ ಪೀಳಿಗೆ. ಐ3-1215ಯು ಅಂತ ಇದ್ದರೆ ಮೊದಲ ಎರಡು ಅಂಕಿ 12, ಹನ್ನೆರಡನೇ ಪೀಳಿಗೆ. ನಂಬರ್ 1ರಿಂದ ಶುರುವಾದರೆ ಎರಡು ಅಂಕಿ ಓದಬೇಕು. ಮೊದಲನೆಯದರಲ್ಲಿ 2 ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ), ಎರಡನೆಯದರಲ್ಲಿ 6. ಈ ಐ3 ಆ ಐ5 ಅನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಕೊನೆಯ ಯು ಅಕ್ಷರ ಕಡಿಮೆ ಕರೆಂಟಿನದು ಅನ್ನುವ ಗುರುತು. ಹೊಸ ಮಾದರಿಗಳಲ್ಲಿ ಇಂಟೆಲ್ ಈ "ಐ" ಅನ್ನೇ ಬಿಟ್ಟು ಕೋರ್ 3, ಕೋರ್ 5 ಅಂತ ಶುರು ಮಾಡಿದೆ, ಗಾಬರಿ ಬೇಡ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿಯದ್ದು ಇನ್ನೂ ಗೊಂದಲ. ರೈಜನ್ 5 7520ಯು ಮತ್ತು ರೈಜನ್ 5 7530ಯು. ಅಣ್ಣ-ತಮ್ಮ ಅನಿಸುತ್ತವೆ ಅಲ್ವಾ? ಈ ಸರಣಿಯಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸ ಯಾವ ಕಾಲದ್ದು ಅಂತ ಹೇಳುತ್ತದೆ. 2 ಇದ್ದರೆ ಜೆನ್ 2, ಹಳೆಯದು, 4 ಕೋರ್. 3 ಇದ್ದರೆ ಜೆನ್ 3, ಇದರಲ್ಲಿ 6 ಕೋರ್. ಒಂದಂಕಿಯ ಅಂತರ, ಯಂತ್ರ ಬೇರೆ. ಮೇಲಾಗಿ 7520ಯು ಇರುವ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಅಂದರೆ ಕೆಲಸದ ಮೆಮೊರಿ ಬೋರ್ಡಿಗೆ ಬೆಸೆದಿರುತ್ತದೆ, ಮುಂದೆ ಹೆಚ್ಚಿಸಲು ಆಗಲ್ಲ.

ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಮೇಲೆ ಒತ್ತಿದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ಕಾಣುತ್ತದೆ. ಒಂದು ಖಾಲಿ ಇದ್ದರೆ ಒಳ್ಳೆಯದು. ಟ್ಯಾಬಿನ ಡಬ್ಬಿ ಮೇಲೆ "8 ಜಿಬಿ" ಅಂತ ದೊಡ್ಡದಾಗಿ, ಕೆಳಗೆ ಚಿಕ್ಕದಾಗಿ "4+4" ಅಂತ ಇದ್ದರೆ ನಿಜವಾದ ರ‍್ಯಾಮ್ ನಾಲ್ಕೇ. ಉಳಿದದ್ದು ಸ್ಟೋರೇಜಿನಿಂದ ಕಡ ತಂದದ್ದು, ಅಷ್ಟು ವೇಗ ಇರಲ್ಲ.

ಸ್ಟೋರೇಜ್ ಎಸ್‌ಎಸ್‌ಡಿಯೇ (ಚಿಪ್ಪಿನಲ್ಲಿ ಉಳಿಸುವ ವೇಗದ ಡ್ರೈವ್) ಇರಲಿ. ಇಎಂಎಂಸಿ ಅಂತ ಬರೆದಿದ್ದರೆ ಅಗ್ಗದ್ದು, ನಿಧಾನ. ಹೊಸ ಲ್ಯಾಪ್‌ಟಾಪ್ ತಂದವರೊಬ್ಬರು "512 ಹೇಳಿ 476 ಕೊಟ್ಟಾರ" ಅಂತ ಅಂಗಡಿಗೆ ಜಗಳಕ್ಕೆ ಹೊರಟಿದ್ದರು. ಜಗಳ ಬೇಡ. ಡ್ರೈವ್ ಮಾಡುವವರು 1 ಜಿಬಿ ಅಂದರೆ 1000×1000×1000 ಬೈಟ್ ಅನ್ನುತ್ತಾರೆ, ವಿಂಡೋಸ್ 1024×1024×1024 ಅಂತ ಎಣಿಸುತ್ತದೆ. 512ಕ್ಕೆ ಈ ಲೆಕ್ಕ ಹಾಕಿದರೆ 476 ಚಿಲ್ಲರೆ. ಪರೀಕ್ಷೆಗೂ ಬರುವ ಪ್ರಶ್ನೆ ಇದು, ಬಿಡಿಸಿ ನೋಡಿ.

ತೆರೆಗೆ 1920×1080 ಚುಕ್ಕಿ, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್. ಅಷ್ಟೇ ಸಾಕು.

ಸೆಕೆಂಡ್ ಹ್ಯಾಂಡ್

ತಗೊಳ್ಳಬೇಡಿ ಅನ್ನಲ್ಲ. ಕಂಪನಿ ಆಫೀಸುಗಳಿಂದ ಬಂದ ಲ್ಯಾಪ್‌ಟಾಪ್‌ಗಳ ಮೈ ಗಟ್ಟಿ ಇರುತ್ತದೆ, ಕೀಬೋರ್ಡ್ ಹೊಸ ಅಗ್ಗದವುಗಳಿಗಿಂತ ಚಲೋ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು. ಇಂಟೆಲ್ ಆದರೆ, ಒಂದೆರಡು ಮಾದರಿ ಬಿಟ್ಟು, ಎಂಟನೇ ಪೀಳಿಗೆಯಿಂದ ಮುಂದಿನದು ಇರಬೇಕು. ಆ ಐ5-7200ಯು ಇಲ್ಲೂ ಹೊರಗೆ ಉಳಿಯಿತು. ಅಂಥದ್ದು ಅಗ್ಗಕ್ಕೆ ಸಿಕ್ಕು, ನಿಮ್ಮ ಚೀಟಿಯಲ್ಲಿ ಟ್ಯಾಲಿ, ನುಡಿ ಇಲ್ಲದಿದ್ದರೆ ವಿಂಡೋಸ್ ಬದಲು ಉಬುಂಟು ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಓಡಿಸಬಹುದು. ಅದರಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದದ್ದು ಅದು, ನುಡಿಯಲ್ಲಿ ಪಳಗಿದ ಕೈಗೆ ಹೊಸದು ಅನಿಸಲ್ಲ.

ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿ ಅಂತ ಕೇಳಿ, ವಿಂಡೋಸೇ ಕೊಡುತ್ತದೆ. ಹುಟ್ಟಿದಾಗಿನ ಸಾಮರ್ಥ್ಯ ಮತ್ತು ಈಗಿನದು ಎರಡೂ ಅದರಲ್ಲಿ ಇರುತ್ತವೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ತಳ ಉಬ್ಬಿದ್ದರೆ ಕೈ ಹಚ್ಚಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ನಾನು ಕಡೆಗೆ ತಗೊಂಡದ್ದು ಆ ಐ3-1215ಯು ಲ್ಯಾಪ್‌ಟಾಪನ್ನೇ. ಟ್ಯಾಬ್ ಈಗ ಅವ್ವನ ಹತ್ತಿರ ಇದೆ, ಸಂಜೆ ವಚನ ಕೇಳುತ್ತಾಳೆ. ಶನಿವಾರ ನಿಮ್ಮಲ್ಲಿ ಮೂವರು ಅಂಗಡಿಗೆ ಹೋಗುತ್ತಿದ್ದೀರಿ ಅಂತ ಗೊತ್ತು. ಪೆನ್‌ಡ್ರೈವಿನಲ್ಲಿ ನುಡಿ ಹಾಕಿಕೊಂಡು ಹೋಗಿ, ಅಲ್ಲೇ ಒಂದು ಪುಟ ಟೈಪ್ ಮಾಡಿ ನೋಡಿ. ಕೊಟೇಶನ್ ಚೀಟಿಯನ್ನು ಸೋಮವಾರ ಕ್ಲಾಸಿಗೆ ತನ್ನಿ, ಕೂತು ಓದೋಣ. ಪ್ರೊಸೆಸರ್ ಸಾಲಿನಲ್ಲಿ ಬರೀ "ಐ5" ಅಂತ ಇದ್ದರೆ ಮಾತ್ರ ಅಲ್ಲಿಂದ ಏಳುವ ಮುಂಚೆಯೇ, "ಅಣ್ಣಾರ, ಪೂರಾ ನಂಬರ್ ಬರೀರಿ" ಅನ್ನಿ.